ಮಾಂತು ಸೇರಿದ ಬಣ

೧೪ ಆಗಸ್ಟ್ ೨೦೨೪, ಬುಧವಾರ. ಪುಣೆ. ಅವ್ವ ಮಲಗಿದ್ದಾಳೆ.

ನಾಳೆ ಸಂಜೆಯೊಳಗೆ ಆನ್‌ಲೈನ್ ಆಟದಲ್ಲಿ ಕೋಟೆಯವರಿಗೋ ಕಾಡಿನವರಿಗೋ ಪ್ರಮಾಣ ಮಾಡಬೇಕು. ಆಮೇಲೆ ಎದುರು ಬಣದವರ ಜೊತೆ ಮಾತು ಬಂದ್. ತಮ್ಮ ಮಾಂತು ಆಗಲೇ ಕೋಟೆ ಸೇರಿದ್ದಾನೆ.

ಅವನು ಮೆಚ್ಚಿದ ಶಿರೂರಿನ ಹುಡುಗಿಯನ್ನು ಅವ್ವ ಒಪ್ಪಲಿಲ್ಲ. ನಾನೂ ಅವ್ವನ ಕಡೆ ನಿಂತೆ, ಮದುವೆಗೆ ಹೋಗಲಿಲ್ಲ. ಅಂದಿನಿಂದ ಅವನು ನನ್ನ ಫೋನ್ ಎತ್ತುವುದಿಲ್ಲ. ರಾಂಜಣಗಾಂವದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಮೇಲೆ ಈ ಆಟದೊಳಗೆ ಮಾತ್ರ ಮಾತಾಡುತ್ತಾನೆ, ಅದೂ ಆಟದ ಮಾತು.

ಕೋಟೆಯವರ ಮೊದಲ ಅಪ್ಪಣೆ ಕಾಡಿನ ಊರನ್ನು ಸುಡುವುದು. ಹಿಂದೆ ಆಟದಲ್ಲಿ ಗಾಯಗೊಂಡಿದ್ದ ನನ್ನನ್ನು ಅಲ್ಲಿಯ ಮುದುಕಿಯೊಬ್ಬಳು ಬಚ್ಚಿಟ್ಟು ಉಳಿಸಿದ್ದಳು. ಅವಳು ಕೊಟ್ಟ ಓಲೆಗಳನ್ನು ಅನುವಾದದ ಕಾದಂಬರಿ ಓದುವ ಹಾಗೆ ನಿಧಾನಕ್ಕೆ, ಎರಡೆರಡು ಸಲ ಓದಿದ್ದೇನೆ.

"ಅಕ್ಕಾ, ಆ ಮುದುಕಿ ಖರೇನ ಅದಾಳೇನು? ಆಟ ಆಡು, ಪರೀಕ್ಷಾ ಬರೀಬ್ಯಾಡ," ಎಂದು ಮಾಂತು ಇಯರ್‌ಫೋನಿನಲ್ಲಿ ನಕ್ಕ. ಆಮೇಲೆ, "ಈ ಸಲನೂ ನನ್ನ ಕಡೆ ಬರಂಗಿಲ್ಲೇನು?" ಅಂದ.

ಇದೊಂದು ದಾರಿಯೂ ಮುಚ್ಚಿದರೆ ಅವನ ದನಿ ಎಲ್ಲಿ ಕೇಳಲಿ?

ನಾಳೆ ಕೋಟೆ ಸೇರುತ್ತೇನೆ. ಊರಿಗೆ ಬೆಂಕಿ ಇಡುವಾಗ ಮಾಂತು ಮಾತಾಡುತ್ತಿರುತ್ತಾನೆ. ಮುದುಕಿಯ ಮಾತು ತೆರೆಯ ಮೇಲೆ ಮೂಡಿದರೂ ಓದುವುದಿಲ್ಲ.