ಸಮುದ್ರಕ್ಕೆ ಹೊರಟವಳಿಗೆ

ಶೋಭಿತಾ,

“ಮುರುಡೇಶ್ವರದಲ್ಲಿ ಮೂರು ದಿನ ಏನವ್ವಾ ಮಾಡದು?” ಅಂತ ನಿನ್ನೆ ನೀನು ಸೀರೆ ಮಡಿಸುತ್ತಾ ಬ್ಯಾಗನ್ನು ಕೇಳುತ್ತಿದ್ದೆ. ಅಡುಗೆಮನೆಯಲ್ಲೇ ಇದ್ದ ನನ್ನನ್ನು ಕೇಳಲಿಲ್ಲ. ಆದರೂ ಹೇಳುತ್ತೇನೆ.

ಬೆಳಿಗ್ಗೆಯೇ ಹೋಗಿ ಗೋಪುರದ ಲಿಫ್ಟಿಗೆ ನಿಂತುಕೋ. ಮೇಲಿನಿಂದ ಶಿವನೂ ಕಡಲೂ ಒಟ್ಟಿಗೆ ಕಾಣುತ್ತವಂತೆ. ದೋಣಿ ಹತ್ತು. ನಿನ್ನ ಗಂಡ, ನನ್ನ ಮೈದುನ, ಹೆದರಿದರೆ ದಡದಲ್ಲೇ ಕೂರಿಸು. ಈಗ ಅಮಾವಾಸ್ಯೆಯಲ್ಲ, ಸಮುದ್ರದಲ್ಲಿ ತಲೆ ಮುಳುಗಿಸಬಾರದು. ಕಾಲು ನೆನೆಸಿಕೋ, ಸಾಕು. ಬಂಗುಡೆ ಮೀನು ತಿನ್ನು, ಸೋಮವಾರವೊಂದು ಬಿಟ್ಟು.

ಅಪ್ಪ ಭಾರತ ಓದುವಾಗ ಪಕ್ಕದಲ್ಲಿ ಕೂತು ಬೆಳೆದವಳು ನಾನು. ಕಡಲಿನ ಪದ್ಯ ಎಷ್ಟೋ ಬಾಯಿಗೆ ಬರುತ್ತವೆ, ಕಡಲು ಮಾತ್ರ ಕಂಡಿಲ್ಲ. ನಿಮ್ಮ ಭಾವನಿಗೆ ಮದ್ದೂರು ದಾಟುವುದೇ ದೊಡ್ಡ ಯಾತ್ರೆ. ಒಂದು ಪದ್ಯವೂ ಬಾರದ ನೀನು ಹೊರಟೆ. ಹೊಟ್ಟೆ ಉರಿಯುತ್ತದೆ ಕಣೆ, ಸುಳ್ಳು ಯಾಕೆ ಹೇಳಲಿ.

ಚಪಾತಿ, ಚಟ್ನಿಪುಡಿ ಡಬ್ಬಿಯಲ್ಲಿವೆ. ಬಸ್ಸಿನಲ್ಲಿ ವಾಂತಿ ಬಂದರೆ ನಿಂಬೆಹಣ್ಣು ಮೂಸು. ನಾನು ಬಸರಾಳಿನ ಗುಡಿಗೆ ಹೊರಟೆ, ನೀನು ಬಸ್ಸು ಹತ್ತುವುದನ್ನು ನೋಡಲಾರೆ.

“ಕಾರ್ತಿಕ ಸೋಮವಾರದ ನನ್ ಹರಕೆ ದೀಪಾನೂ ನೀನೇ ಹಚ್ಬುಡಕ್ಕ” ಅಂದೆಯಲ್ಲ. ಬತ್ತಿ, ಎಣ್ಣೆ ನಿನ್ನ ಬ್ಯಾಗಿನಲ್ಲಿಟ್ಟಿದ್ದೇನೆ. ಕಡಲೂ ನಿನಗೆ, ಹರಕೆ ತೀರಿಸುವ ಕೆಲಸ ನನಗೋ? ನಾನು ಹಚ್ಚುವುದಿಲ್ಲ.