ಸುಳ್ಳು ಸುಳಿವು

ಪ್ರೀತಿಯ ಪುಟ್ಟಿಗೆ,

ಈ ಚೀಟಿಯನ್ನು ಮಗುವಿನ ಹೊಸ ಅಂಗಿಯ ಜೇಬಿನಲ್ಲಿಟ್ಟು ಕಳಿಸುತ್ತಿದ್ದೇನೆ, ಓದಿ ಹರಿದುಹಾಕು. ಮೊನ್ನೆ ಫೋನಿನಲ್ಲಿ ನಿನ್ನ ಗಂಡ ಹಿಂದಿನಿಂದ "ಅಕ್ಕನ ಹತ್ರ ಏನೇ ಅಂಥಾ ಗುಟ್ಟು ನಿಂದು?" ಎಂದದ್ದು ನನಗೂ ಕೇಳಿಸಿತು.

ಇಮೇಲ್ ಪಾಸ್‌ವರ್ಡ್ ಇವತ್ತೇ ಬದಲಿಸು. ಮಗುವಿನ ಹೆಸರು, ಹುಟ್ಟಿದ ದಿನ ಬೇಡ. ಅವನ್ನೆಲ್ಲ ಅವನು ಆಗಲೇ ಪತ್ತೆಹಚ್ಚಿದ್ದಾನೆ. ಚಿಕ್ಕವರಿದ್ದಾಗ ನಾವಿಬ್ಬರೂ ಬಿದ್ದು ಬಿದ್ದು ನಕ್ಕ ನಾಲ್ಕು ಸಂಗತಿಗಳನ್ನು ಜೋಡಿಸು. ನಿನಗೆ ಮರೆಯದು, ಅವನಿಗೆ ಹೊಳೆಯದು.

ಪಾಸ್‌ವರ್ಡ್ ಮರೆತರೆ ನೆನಪಿಸುವ ಸುಳಿವಿನ ಜಾಗದಲ್ಲಿ ಮಾತ್ರ "ನನ್ನ ಸರ್ವಸ್ವ" ಎಂದು ಬರೆ. ಆ ಮಹಾರಾಯ ತನ್ನ ಹೆಸರನ್ನೇ ಹಿಂದೆಮುಂದೆ ಮಾಡಿ ಒತ್ತುತ್ತಾ ಕೂರುತ್ತಾನೆ. ಎಚ್ಚರಿಕೆಯ ಸಂದೇಶ ಕಳಿಸಬೇಕಾದ ಕಡೆ ನನ್ನ ನಂಬರ್ ಕೊಡು; ಅವನು ಐದು ಸಲ ತಪ್ಪು ಒತ್ತಿದರೆ ನನಗೆ ಸಂದೇಶ ಬರುತ್ತದೆ.

ಅವನು ಕೂಗಾಡಿದರೆ ವಾದಕ್ಕೆ ನಿಲ್ಲಬೇಡ. ಮಗುವಿಗೆ ಚಪ್ಪಲಿ ಹಾಕಿ, ಹಿಂಬಾಗಿಲ ಚಿಲಕ ತೆಗೆದಿಡು. ಅಷ್ಟರಲ್ಲಿ ನಾನು ನಿಮ್ಮಿಬ್ಬರನ್ನೂ ಕರೆತರಲು ಹೊರಟಿರುತ್ತೇನೆ.

ಫೋನ್ ಕೈಯಲ್ಲೇ ಹಿಡಿದಿರುವ
ನಿನ್ನ ಅಕ್ಕ