ಅಕ್ಕನ ಒಪ್ಪತ್ತು

ಮುಂಬಯಿ, ೨೩-೧೦-೧೯೯೪

ಅತನೂರಿನ ಮನೆಗೆ ಬರುವ ಕಾಗದಗಳನ್ನೆಲ್ಲ ಓದಿ ಹೇಳುವ ಅಕ್ಕನ ಮಗಳು ಚಿ. ಮಹಾನಂದಾಳಿಗೆ, ಹಿರೋಳ್ಳಿಯ ಮಾಮಾ ಚಂದ್ರಾಮಪ್ಪ ಮಾಡುವ ಆಶೀರ್ವಾದ.

‘ನಾವು ಕ್ಷೇಮ’ ಎಂದು ಮೊದಲು ಬರೆಯಬೇಕೆಂದು ನಮಗೆ ಸಾಲಿಯಲ್ಲಿ ಕಲಿಸಿದ್ದರು. ರಕ್ತದ ಕ್ಯಾನ್ಸರ್ ಆದವನು ಹಾಗೆ ಬರೆದರೆ ನೀನು ನಗುತ್ತೀ. ಅದಕ್ಕೇ ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ. ಹಸಿವು ಚೆನ್ನಾಗಿದೆ, ಮೀಸೆ ಇಲ್ಲ, ಹಲ್ಲು ಎರಡು ಕಡಿಮೆ. ಈ ಕಾಗದದ ಕೊನೆಗೆ ಒಂದು ಅಡ್ಡಗೆರೆ ಎಳೆದಿದ್ದೇನೆ. ಗೆರೆಯ ತನಕ ನಿಮ್ಮವ್ವನಿಗೆ ಗಟ್ಟಿಯಾಗಿ ಓದಿ ಹೇಳು. ಕೆಳಗಿನದು ಸದ್ಯ ನಿನಗೊಬ್ಬಳಿಗೇ.

ನಿಮ್ಮವ್ವನ ಎಲುಬಿನೊಳಗಿನ ಮಜ್ಜೆಯನ್ನು ನನಗೆ ಹಾಕುವ ಮೊದಲು ಇಲ್ಲಿಯ ಆಸ್ಪತ್ರೆಯವರು ನನ್ನನ್ನು ಸಂತೆಯಲ್ಲಿ ಎತ್ತು ನೋಡಿದ ಹಾಗೆ ನೋಡುತ್ತಿದ್ದಾರೆ. ಬಾಯಿ ತೆರೆಸಿ ಹುಳುಕಾದ ಎರಡು ಹಲ್ಲು ಕಿತ್ತರು. ಮುಂದೆ ಅಲ್ಲಿಂದ ನಂಜೇರಿದರೆ ತಡೆಯುವ ಶಕ್ತಿ ಮೈಯಲ್ಲಿ ಇರುವುದಿಲ್ಲವಂತೆ. ಉಸಿರು ಅಳೆಯಲು ಒಂದು ಕೊಳವೆ ಊದಿಸಿದರು. ನಾನು ಊದಿದ್ದಕ್ಕೆ ಯಂತ್ರದ ಮುಂದೆ ಕೂತವನು ಹುಬ್ಬೇರಿಸಿದ. ಹಿರೋಳ್ಳಿಯವರ ದಮ್ಮೇ ಹಾಗೆ ಎಂದು ಅವನಿಗೆ ಮರಾಠಿಯಲ್ಲಿ ತಿಳಿಸಿದೆ. ಪಕ್ಕದಲ್ಲೇ ನಿಂತಿದ್ದ ನಿಮ್ಮತ್ತಿ ತುಳಜಾಬಾಯಿ, “ತಮ್ಮ ತುತ್ತೂರಿ ತಾವೇ ಊದಿ ಊದಿ ರೂಢಿ ಅದರಿ ಇವರಿಗೆ” ಎಂದಳು. ಅವನಿಗೆ ಕನ್ನಡ ಬರುವುದಿಲ್ಲ, ಮರ್ಯಾದೆ ಉಳಿಯಿತು.

ಇಷ್ಟಕ್ಕೂ ಇವರು ಮಾಡುವುದೇನು ಎಂದು ಡಾಕ್ಟರರ ಬೆನ್ನು ಬಿದ್ದು ಕೇಳಿದ್ದೇನೆ. ರಕ್ತ ಹುಟ್ಟುವುದು ಗುಂಡಿಗೆಯಲ್ಲಿ ಎಂದುಕೊಂಡಿದ್ದೆ. ಅಲ್ಲ, ಎಲುಬಿನೊಳಗೆ. ಅಲ್ಲಿ ಬೀಜದಂಥ ಕಣಗಳಿವೆಯಂತೆ, ಕೆಂಪು ಬಿಳುಪು ಎಲ್ಲ ಅವುಗಳ ಮಕ್ಕಳೇ. ನನ್ನ ಬೀಜವೇ ಕೆಟ್ಟಿದೆ. ನಮ್ಮ ಎರೆಹೊಲದಲ್ಲಿ ಕರಿಕೆ ಹಬ್ಬಿದರೆ ಏನು ಮಾಡುತ್ತೇವೆ? ಮೇಲೆ ಕಿತ್ತರೆ ಹೋಗುವ ಹುಲ್ಲೇ ಅದು? ಆಳಕ್ಕೆ ಅಗೆದು, ಬೇರಿನ ತುದಿಯನ್ನೂ ಬಿಡದೆ ತೆಗೆಯುತ್ತೇವೆ. ಹಾಗೆಯೇ ಏಳೆಂಟು ದಿನ ಜೋರು ಔಷಧ ಹರಿಸಿ ನನ್ನ ಎಲುಬನ್ನು ಬರಿದು ಮಾಡುತ್ತಾರೆ. ಆಮೇಲೆ ಹೊಸ ಬಿತ್ತನೆ. ಪೈರು ಕಾಣುವ ತನಕ ಗಾಜಿನ ಖೋಲಿ, ಕುದಿಸಿದ ನೀರು, ಬೇಯಿಸಿದ ಅನ್ನ. ಹೂವಿಲ್ಲ, ಹಣ್ಣಿಲ್ಲ, ಹಸಿ ಉಳ್ಳಾಗಡ್ಡಿಯೂ ಇಲ್ಲ. ಕ್ಯಾನ್ಸರಿಗೆ ಅಂಜದವನು ಉಳ್ಳಾಗಡ್ಡಿ ಇಲ್ಲವೆಂದಾಗ ಸ್ವಲ್ಪ ಕುಗ್ಗಿದೆ.

ನನ್ನನ್ನು ನಿದ್ದೆಗೆಡಿಸಿದ್ದು ಇನ್ನೊಂದು ಮಾತು. ನಿಮ್ಮವ್ವನಿಗೆ ಮತ್ತು ಬರುವ ಔಷಧ ಕೊಟ್ಟು ಸೊಂಟದ ಹಿಂದಿನ ಎಲುಬಿನಿಂದ ಸೂಜಿಯಲ್ಲಿ ಎಳೆಯುವ ಆ ಮಜ್ಜೆಯನ್ನು ನನ್ನ ಎಲುಬಿಗೆ ಹಾಕುವುದಿಲ್ಲ. ಸಲಾಯಿನ್ ಬಿಟ್ಟ ಹಾಗೆ ನರಕ್ಕೆ ಬಿಡುತ್ತಾರೆ. ಹಾಗಾದರೆ ಅದು ಎಲುಬಿನ ದಾರಿ ಹೇಗೆ ಹಿಡಿಯುತ್ತದೆ? ಮೈತುಂಬ ಸುತ್ತಿ, ಗುಂಡಿಗೆ ದಾಟಿ, ಇದೇ ನನ್ನ ಮನೆ ಎಂದು ಹೇಗೆ ಹೊಕ್ಕೀತು? ಡಾಕ್ಟರರು, “ಅದು ನಮಗೂ ಪೂರ್ತಿ ಗೊತ್ತಿಲ್ಲ. ಕಣಗಳು ಹೋಗುವುದಂತೂ ಹೋಗುತ್ತವೆ” ಎಂದರು. ಸಂಜೆ ಹೊಳೆದಂಡೆಯಿಂದ ದನಗಳು ತಾವಾಗಿ ಕೊಟ್ಟಿಗೆಗೆ ಬರುವುದಿಲ್ಲವೇ, ಹಾಗೆ ಇರಬೇಕು. ಅಷ್ಟು ಓದಿದವರಿಗೂ ತಿಳಿಯದ್ದೊಂದು ನನ್ನ ಮೈಯೊಳಗೆ ನಡೆಯಲಿದೆ ಎಂದು ನನಗೆ ಸಣ್ಣ ಜಂಬವೂ ಬಂದಿದೆ.

ಬಿತ್ತನೆ ಹಿಡಿದರೆ ನನ್ನ ರಕ್ತದ ಗುಂಪೂ ಬದಲಾಗಿ ನಿಮ್ಮವ್ವನದಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದವರು ಇದು ಹೆಣ್ಣುಮಗಳ ರಕ್ತ ಎನ್ನುತ್ತಾರಂತೆ. ಇದನ್ನು ಊರಲ್ಲಿ ಯಾರಿಗೂ ಹೇಳಬೇಡ. ಮೀಸೆ ಮರಳಿ ಬಂದ ಮೇಲೆ ನಾನೇ ಹೇಳುತ್ತೇನೆ.

ಈಗ ಮುಖ್ಯ ಮಾತು. ನೀನು ಕಳಿಸಿದ ನಿಮ್ಮವ್ವನ ರಕ್ತದ ಚೀಟಿ ನೋಡಿ ಡಾಕ್ಟರರು ಮುಖ ಗಂಟಿಕ್ಕಿದರು. ಶ್ರಾವಣದಲ್ಲಿ ಇಲ್ಲಿ ನೋಡಿದಾಗ ಹಿಮೋಗ್ಲೋಬಿನ್ ಹನ್ನೆರಡಿತ್ತು, ಈಗ ಒಂಬತ್ತೂವರೆ. ಹನ್ನೊಂದರ ಮೇಲೆ ಬಾರದಿದ್ದರೆ ಅವಳ ಮೈಗೆ ಸೂಜಿ ಮುಟ್ಟಿಸುವುದಿಲ್ಲ ಎಂದರು. ಕಾರಣ ನಿನ್ನ ಕಾಗದದಲ್ಲೇ ಇತ್ತು: “ಮಾಮಾ, ನೀವು ಮನಿಗೆ ಬರೂತನಕ ಅವ್ವ ಒಪ್ಪತ್ತು ಹಿಡಿದಾಳ. ದಿನಕ್ಕ ಒಂದs ಊಟ, ಅದೂ ಅಂಬಲಿ.” ನೀನು ಹೆಮ್ಮೆಯಿಂದ ಬರೆದಿದ್ದೀ. ನಾನು ಓದಿ ತಲೆ ಹಿಡಿದು ಕೂತೆ. ಮೀಸೆ ಕೂದಲು ಉದುರಿಸಿದ ಔಷಧಕ್ಕೆ ಸದ್ಯ ನನ್ನ ರೋಗ ಮಲಗಿದೆ. ಗೌರಿ ಹುಣ್ಣಿಮೆ ಆಗಿ ಒಂದು ವಾರಕ್ಕೆ ಮಜ್ಜೆ ಹಾಕುವ ದಿನ ಗೊತ್ತಾಗಿದೆ. ಆ ದಿನ ತಪ್ಪಿ ರೋಗ ಎದ್ದರೆ ಮತ್ತೆ ಮಲಗಿಸುವುದು ಕಷ್ಟ. ನನ್ನನ್ನು ಉಳಿಸಲೆಂದು ಉಪವಾಸ ಬಿದ್ದವಳು ಆ ಉಪವಾಸದಿಂದಲೇ ನನ್ನ ದಿನ ತಪ್ಪಿಸುತ್ತಿದ್ದಾಳೆ.

ಹರಕೆ ಮುರಿ ಎಂದರೆ ಅವಳು ಕೇಳುವವಳಲ್ಲ. ಆದ್ದರಿಂದ ಇಲ್ಲಿ ಅವಳ ಮುಖ ನೋಡಿ ಓದು:

“ಅಕ್ಕಾ, ನೀ ಬಿಟ್ಟ ತುತ್ತು ನಿನ್ನ ಹೊಟ್ಟೀದಲ್ಲ, ನನ್ನ ಎಲುಬಿಂದು. ಹರಕಿ ಮುರೀಬ್ಯಾಡ, ನನಗ ಕೊಡು. ಅವ್ವ ಬಾಣಂತಿ ಇದ್ದಾಗ ಆಕಿ ಸೋಮವಾರದ ಒಪ್ಪತ್ತು ಅಜ್ಜಿ ಹಿಡಿದಿರಲಿಲ್ಲೇನು? ಆ ಗಾಜಿನ ಖೋಲಿಯೊಳಗ ಬಾಯಿ ಹುಣ್ಣಾಗಿ ಹದಿನೈದು ದಿನ ನನಗ ಹನಿ ನೀರೂ ನೆಟ್ಟಗ ಇಳಿಯೂದಿಲ್ಲಂತ. ಹ್ಯಾಂಗೂ ಉಪವಾಸ ಬೀಳಾಂವ ನಾನು, ಹರಕೀನರ ತೀರಲಿ. ನೀ ಎರಡೂ ಹೊತ್ತು ಸಜ್ಜಿರೊಟ್ಟಿ, ಪುಂಡಿಪಲ್ಲೆ, ಬೆಲ್ಲ ಶೇಂಗಾ ತಿನ್ನು. ರಕ್ತ ಹೆಚ್ಚಾಗೂ ಗುಳಿಗಿ ನುಂಗು. ಮಜ್ಜಿ ಕೊಟ್ಟರ ಎಲುಬು ಟೊಳ್ಳಾಗಿ ಕುಂಟಿ ಆಗ್ತಿ ಅಂದವರ ಮಾತು ಕೇಳಬ್ಯಾಡ. ಬಾವಿ ಸೆಲೀ ಹಂಗ, ತಗೊಂಡಷ್ಟು ತಿಂಗಳದಾಗ ತುಂಬತದ.”

————————

ಮಹಾನಂದಾ, ಇನ್ನು ಮನಸ್ಸಿನಲ್ಲೇ ಓದು.

ಭೀಮಾ ಹೊಳೆಯ ಕಥೆ ನಿನಗೆ ನೂರು ಸಲ ಹೇಳಿದ್ದೇನೆ. ಮಣ್ಣೂರಿನ ಅಜ್ಜಿಯ ಮನೆಗೆ ಹೋದಾಗ ನಿಮ್ಮವ್ವ ಮಡುವಿಗೆ ಬಿದ್ದದ್ದು, ಎಂಟು ವರ್ಷದ ನಾನು ಹಾರಿ ಎಳೆದು ತಂದದ್ದು. ನಿನ್ನ ಅಪ್ಪನಿಗೆ ಹೇಳಿದ್ದೇನೆ, ಬೀಗರಿಗೆ ಹೇಳಿದ್ದೇನೆ, ಇಲ್ಲಿಯ ಡಾಕ್ಟರರಿಗೂ ಹೇಳಿಬಿಟ್ಟಿದ್ದೇನೆ. ಬಿದ್ದವನು ನಾನು. ಅಕ್ಕ ಬೇಡ ಎಂದರೂ ಕೇಳದೆ ಈಜು ತೋರಿಸಲು ಹೋಗಿ ಮುಳುಗಿದೆ. ಹನ್ನೊಂದು ವರ್ಷದ ಹುಡುಗಿ ಲಂಗ ಸಮೇತ ಇಳಿದು, ನನ್ನ ಕೂದಲು ಹಿಡಿದು ಎಳೆದಳು. ದಂಡೆಯಲ್ಲಿ ಅಳುತ್ತಿದ್ದ ನನಗೆ, “ಮನ್ಯಾಗ ಬೈತಾರ. ನಾ ಬಿದ್ದಿದ್ದೆ, ನೀ ತೆಗೆದಿ ಅಂತ ಹೇಳು” ಎಂದಳು. ಬೈಗುಳ ತಾನು ತಿಂದಳು. ಅವತ್ತಿನಿಂದ ನಾನು ಹೇಳುತ್ತಲೇ ಬಂದೆ, ಅವಳು ಒಂದು ಸಲವೂ ಅಲ್ಲ ಎನ್ನಲಿಲ್ಲ.

ಈಗಲೂ ನನಗೆ ಅವತ್ತಿನಷ್ಟೇ ಭಯವಿದೆ. ಹಿಡಿದು ಎಳೆಯಲು ಕೂದಲೂ ಉಳಿದಿಲ್ಲ.

ಗೆರೆಯ ವಿಷಯವನ್ನು ಮೇಲೆಯೇ ಬರೆದದ್ದು ಮೈಮರೆತು ಅಲ್ಲ. ಕೆಳಗೇನಿದೆ ಎಂದು ಅವಳು ಕೇಳಿಯೇ ಕೇಳುತ್ತಾಳೆ, ಬೆನ್ನು ಬಿಡುವುದಿಲ್ಲ. ಹೇಳಬೇಡ. ಸಂಜೆ ತಾಟಿನ ಮುಂದೆ ಕೂಡಿಸು. ಅವಳು ಎರಡನೆಯ ರೊಟ್ಟಿ ಮುರಿದ ಮೇಲೆ ಗೆರೆಯ ಕೆಳಗಿನದನ್ನು ಓದಲು ಶುರುಮಾಡು, ಕೈ ನಿಂತರೆ ನೀನೂ ನಿಲ್ಲಿಸು. ಒಂದೇ ದಿನಕ್ಕೆ ಮುಗಿಸಬೇಡ, ದಿನಕ್ಕೆ ಒಂದು ಸಾಲು ಸಾಕು. ಇಷ್ಟು ವರ್ಷ ಮೆರೆದ ಒಂದು ದೊಡ್ಡಸ್ತಿಕೆಯನ್ನು ಒಂದು ತಿಂಗಳ ಸಂಜೆಯೂಟಕ್ಕೆ ಕೊಡುತ್ತಿದ್ದೇನೆ.

ನಿನ್ನ ಕಣ್ಣು ಚುರುಕಾಗಿರಲಿ, ನಿಮ್ಮವ್ವನ ತಾಟು ಎರಡೂ ಹೊತ್ತು ತುಂಬಿರಲಿ, ಶರಣರ ದಯೆ ಮನೆಯ ಮೇಲಿರಲಿ.

ಇಂತಿ, ಇನ್ನೊಮ್ಮೆ ದಂಡೆಗೆ ಬರಲಿರುವ
ನಿನ್ನ ಮಾಮಾ ಚಂದ್ರಾಮಪ್ಪ